ಪಕ್ಕದಲ್ಲಿ ಕೂತವರಿಗೂ ಕಾಣುವ ಮಾನಿಟರ್

ಓದುಗರಿಗೆಲ್ಲ ನಮಸ್ಕಾರ. ನಾನು ಸರಿಯಾಗಿ ಓದು ಬರಹ ಕಲಿತದ್ದು ಮೀಸೆಯಲ್ಲಿ ಮೊದಲ ಬಿಳಿ ಕೂದಲು ಕಂಡ ಮೇಲೆ. ಈಗಲೂ ಟೈಪ್ ಮಾಡುವುದು ಎರಡೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ. ಅಲ್ಲಲ್ಲಿ ಒತ್ತಕ್ಷರ ಜಾರಿ ಬಿದ್ದಿದ್ದರೆ, ದೀರ್ಘ ಬರಬೇಕಾದಲ್ಲಿ ಹ್ರಸ್ವ ಬಂದಿದ್ದರೆ, ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಅಕ್ಷರದ ತಪ್ಪಿಗೆ ಕ್ಷಮೆ ಕೇಳುವುದು ನನಗೆ ಕಷ್ಟವಲ್ಲ. ಬೇರೆ ತಪ್ಪಿಗೆ ಕೇಳುವುದು ಕಷ್ಟ. ಅದನ್ನು ಹೇಳಬೇಕೆಂದೇ ಇವತ್ತು ಕೂತಿದ್ದೇನೆ.

ಚಿತ್ತವಾಡ್ಗಿಯ ನನ್ನ ಒಂದೇ ಕೋಣೆಯ ಮನೆಯಲ್ಲಿ ಮೂರು ದಿನದಿಂದ ಥರ್ಮಾಕೋಲಿನ ವಾಸನೆ. ಹೊಸ ಮಾನಿಟರ್ ತಂದಿದ್ದೇನೆ. ಡಬ್ಬಿಯನ್ನು ಎಸೆಯಲು ಮನಸ್ಸು ಬಾರದೆ ಮಂಚದ ಕೆಳಗೆ ತಳ್ಳಿದ್ದೇನೆ, ಅಲ್ಲಿಂದಲೇ ಆ ವಾಸನೆ ಬರುತ್ತದೆ. ಹೊಸ ಪ್ಲಾಸ್ಟಿಕ್ಕು, ಹೊಸ ವೈರು, ಜೊತೆಗೆ ಅಂಗಡಿಯ ತಣ್ಣನೆ ಗಾಳಿ ಸ್ವಲ್ಪ. ನನ್ನ ಮನೆಗೆ ಹೊಸದಾಗಿ ಏನಾದರೂ ಬಂದು ಭಾಳ ದಿನ ಆಗಿತ್ತು.

ಇಷ್ಟು ದಿನ ಇದ್ದದ್ದು ಡಬ್ಬಿ ಟಿವಿ. ಅದಕ್ಕೆ ಕೆಂಪು, ಬಿಳಿ, ಹಳದಿ ವೈರು ಚುಚ್ಚಿ ಒಂದು ಹಳೆಯ ಗೇಮಿನ ಕನ್ಸೋಲ್ ಜೋಡಿಸಿದ್ದೆ. ನನ್ನ ವಯಸ್ಸಿನವನು ಗೇಮ್ ಆಡುತ್ತಾನೆಂದರೆ ಓಣಿಯಲ್ಲಿ ನಗುತ್ತಾರೆ. ನಗಲಿ. ಸಂಡೂರಿನ ಗಣಿಯಲ್ಲಿ ಹದಿನಾರು ವರ್ಷ ಲೋಡರ್ ಓಡಿಸಿದವನು ನಾನು. ಎರಡು ಕೈಯಲ್ಲಿ ಎರಡು ಲಿವರ್ ಹಿಡಿದು ಕಲ್ಲು ಎತ್ತಿದ ಬೆರಳುಗಳಿಗೆ ಆ ಗುಂಡಿಗಳು ಬೇಗ ಒಗ್ಗಿದವು. ಗಣಿಯ ಎಂಜಿನಿಯರ್ ಒಬ್ಬರು ವರ್ಗವಾಗಿ ಹೋಗುವಾಗ ಕನ್ಸೋಲನ್ನು ನಮಗೆ ಕೊಟ್ಟು ಹೋಗಿದ್ದರು. ನಮಗೆ ಎಂದರೆ ನನಗೆ ಮತ್ತು ಹುಲುಗಪ್ಪನಿಗೆ.

ಹೋದ ತಿಂಗಳು ಒಂದು ಸಂಜೆ ಟಿವಿಯ ಪರದೆ ನಡುವಿನ ಗೆರೆಗೆ ಕುಗ್ಗಿ, ಗೆರೆ ಚುಕ್ಕೆಯಾಗಿ, ಚುಕ್ಕೆ ಆರಿತು. ರಿಪೇರಿಯವನು ಹಿಂದಿನ ಮುಚ್ಚಳ ಬಿಚ್ಚಿ ನೋಡಿ, "ಇದರ ಸಾಮಾನು ಈಗ ಬರಂಗಿಲ್ಲಣ್ಣ. ಆರಾಮ ಮಾಡ್ಲಿ ಬಿಡು," ಎಂದ. ನಾಲ್ಕು ದಿನ ಕೆಲಸದಿಂದ ಬಂದು ಆ ಕಪ್ಪು ಪರದೆಯ ಮುಂದೆ ಕೂತೆ. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ನನ್ನ ಹಿಂದೆ ಬಾಗಿಲು ಕಾಣುತ್ತಿತ್ತು. ಬೇರೇನೂ ಕಾಣುತ್ತಿರಲಿಲ್ಲ.

ಕೊನೆಗೆ ಒಂದು ಚೀಲದಲ್ಲಿ ಕನ್ಸೋಲನ್ನು ಟವೆಲ್ ಸುತ್ತಿ ಇಟ್ಟುಕೊಂಡು ಹೊಸಪೇಟೆ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಚುರುಕಾದ ಒಬ್ಬ ಹೆಣ್ಣುಮಗಳಿದ್ದಳು.

"ಬರ್ರಿ ಅಣ್ಣಾರ, ಏನ್ ಬೇಕಾಗಿತ್ರಿ?"

"ಹೊಸ ಮಾನಿಟರ್ ಆರಿಸಬೇಕಾಗಿತ್ತವ್ವ."

ಅಂದವನೇ ನನ್ನ ಮಾತಿಗೆ ನಾನೇ ಬೆಚ್ಚಿದೆ. ಇದೇ ಮಾತನ್ನು ಇನ್ನೊಂದು ಬಾಯಿಂದ ಕೇಳಿದ್ದೆ. "ಇವತ್ತು ಹೊಸ ಮಾನಿಟರ್ ಆರಿಸಬೇಕು," ಎಂದಿದ್ದರು ನಮ್ಮ ಸಂಜೆ ಶಾಲೆಯ ಟೀಚರಮ್ಮ, ಕ್ಲಾಸಿನ ಮುಂದೆ ನಿಂತು. ಅದಾಗಿ ಒಂಬತ್ತು ವರ್ಷ.

ಆ ಹುಡುಗಿ ಹರ್ಟ್ಸು, ಪ್ಯಾನೆಲ್ಲು ಎಂದು ಹೇಳುತ್ತಿರಲಿ. ನೀವು ನನ್ನ ಜೊತೆ ಸ್ವಲ್ಪ ಹೊತ್ತು ಆ ಸಂಜೆ ಶಾಲೆಗೆ ಬನ್ನಿ.

ಹುಲುಗಪ್ಪ ಬುಕ್ಕಸಾಗರದವನು. ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದ. ನಾನು ತುಂಬುವುದು, ಅವನು ಒಯ್ಯುವುದು. ಇದೇ ಕೋಣೆಯಲ್ಲಿ ಇಬ್ಬರೂ ಇದ್ದೆವು. ಕಂಪನಿ ಬಸ್ಸಿನಲ್ಲಿ ಬೆಳಿಗ್ಗೆ ಸಂಡೂರಿಗೆ ಹೋಗಿ, ಸಂಜೆ ಕೆಂಪು ಧೂಳು ಮೆತ್ತಿಕೊಂಡು ಬಂದು, ಮುಖ ತೊಳೆದು ಟಿವಿ ಮುಂದೆ ಕೂತರೆ ಕಾರ್ ರೇಸು. ಪರದೆ ಎರಡು ಭಾಗ ಆಗುತ್ತಿತ್ತು. ಮೇಲಿನ ಅರ್ಧ ನನ್ನದು, ಕೆಳಗಿನ ಅರ್ಧ ಅವನದು. ಡಂಪರಿನ ಸದ್ದಿಗೆ ಅವನ ಎಡಗಿವಿ ಮಂದವಾಗಿತ್ತು. ಅದಕ್ಕೆ ಯಾವಾಗಲೂ ನನ್ನ ಎಡಕ್ಕೆ ಕೂತು ಬಲಗಿವಿ ನನ್ನ ಕಡೆ ಮಾಡುತ್ತಿದ್ದ. ಕಿವಿ ಕೇಳದವನ ಹಾಗೆ ಗಟ್ಟಿಯಾಗಿ ಮಾತಾಡುತ್ತಿದ್ದ. "ಸರೀಲೇ ಸರಿ, ನಿನ್ ಕಾರೇನು ಹಸುಗೂಸು ಹೊತ್ಕಂಡು ಹೊಂಟೈತೇನು?" ಎಂದು ಹಂಗಿಸಿ ನನ್ನನ್ನು ಗೋಡೆಗೆ ಗುದ್ದಿಸಿ ಹೋಗುವನು. ನಾನು ಮಾತು ಕಡಿಮೆಯ ಮನುಷ್ಯ. ಇಬ್ಬರ ಪಾಲಿನ ಮಾತನ್ನೂ ಅವನೇ ಆಡುತ್ತಿದ್ದ.

ನಾವು ರಿಮೋಟ್ ಎನ್ನುತ್ತಿದ್ದೆವು, ಈಗಿನವರು ಕಂಟ್ರೋಲರ್ ಎನ್ನುತ್ತಾರೆ. ಎರಡೂ ಒಂದೇ ಥರ ಇದ್ದು ದಿನಾ ಜಗಳ. ಒಂದು ದಿನ ಹುಲುಗಪ್ಪ ಎಲ್ಲಿಂದಲೋ ಉಗುರಿನ ಬಣ್ಣ ತಂದು, "ನನ್ ರಿಮೋಟಿನ ಮ್ಯಾಲ ನನ್ ಹೆಸರು ಬರಿಲೇ," ಎಂದ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆಗಷ್ಟೇ ಇಬ್ಬರೂ ಸಂಜೆ ಶಾಲೆಗೆ ಸೇರಿದ್ದೆವು, ಹತ್ತನೇ ಪಾಸಾದವರಿಗೆ ಗಣಿಯ ತೂಕದ ಕೋಣೆಯಲ್ಲಿ ನೆರಳಿನ ಕೆಲಸ ಸಿಗುತ್ತದೆಂದು. ಹಳೆಯ ಕ್ಯಾಲೆಂಡರಿನ ಹಿಂದೆ ಒಂದು ವಾರ ಅವನ ಹೆಸರು ತಿದ್ದಿದೆ. ಹು ಬಂತು, ಲು ಬಂತು, ಗ ಬಂತು, ಕೊನೆಯ ಪ್ಪ ಮಾತ್ರ ಸತಾಯಿಸಿತು. ಅದೂ ಬಂದ ದಿನ ರಿಮೋಟಿನ ಮೇಲೆ ಗುಲಾಬಿ ಬಣ್ಣದಲ್ಲಿ ಬರೆದುಕೊಟ್ಟೆ. ನನ್ನ ಹೆಸರು ಬಿಟ್ಟರೆ ನಾನು ತಪ್ಪಿಲ್ಲದೆ ಬರೆಯಲು ಕಲಿತ ಮೊದಲ ಹೆಸರು ಅದು.

ಶಾಲೆಯಲ್ಲಿ ಮಕ್ಕಳು ಕೂರುವ ಬೆಂಚಿನಲ್ಲೇ ನಾವು ಮೊಣಕಾಲು ಮಡಚಿ ಕೂರಬೇಕಿತ್ತು. ಟೀಚರಮ್ಮ ಮಾನಿಟರ್ ಆರಿಸಿ ಎಂದಾಗ ಹುಲುಗಪ್ಪ ಎದ್ದು ನಿಂತು ನನ್ನ ಕಡೆ ಕೈ ತೋರಿಸಿ, "ಟೀಚರ್, ನಮ್ಮವನ್ನ ಮಾಡ್ರಿ. ಬಾಯಿ ಇಲ್ಲದ ಮನುಷ್ಯ, ಯಾರಿಗೂ ಬಯ್ಯಂಗಿಲ್ಲ," ಎಂದ. ಎಲ್ಲರೂ ಕೈ ಎತ್ತಿದರು. ನಾನು ಚಿಕ್ಕಂದಿನಲ್ಲಿ ಆಗದ ಮಾನಿಟರ್ ಮೂವತ್ತೆಂಟನೇ ವಯಸ್ಸಿನಲ್ಲಿ ಆದೆ. ನಗಬೇಡಿ, ಆ ದಿನ ಮನೆಗೆ ಬಂದು ಅಂಗಿ ಇಸ್ತ್ರಿ ಮಾಡಿಕೊಂಡೆ.

ಒಂದು ಸಂಜೆ ಟೀಚರಮ್ಮನಿಗೆ ಆಫೀಸು ಕೋಣೆಯಲ್ಲಿ ಕೆಲಸವಿತ್ತು. "ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೀರಿ," ಎಂದು ನಕ್ಕು ಹೋದರು. ತಮಾಷೆಗೆ ಹೇಳಿದ್ದರು. ನನಗೆ ತಮಾಷೆ ಗೊತ್ತಾಗಲಿಲ್ಲ. ಚಾಕ್‌ಪೀಸ್ ಹಿಡಿದು ನಿಂತೆ. ಎಲ್ಲರೂ ಮಾತಾಡುತ್ತಿದ್ದರು. ಮೃತ್ಯುಂಜಯ ಮಾತಾಡುತ್ತಿದ್ದ, ವೀರಭದ್ರಪ್ಪ ಮಾತಾಡುತ್ತಿದ್ದ, ಚಂದ್ರಶೇಖರ ಮಾತಾಡುತ್ತಿದ್ದ. ಆದರೆ ಮೃ ಎಂದರೆ ಹೇಗೆ, ದ್ರ ಎಂದರೆ ಎತ್ತ? ಟೀಚರಮ್ಮ ಬಂದಾಗ ಬೋರ್ಡು ಖಾಲಿ ಇದ್ದರೆ ಮಾನಿಟರಿಗೆ ಅವಮಾನ. ತಪ್ಪಿಲ್ಲದೆ ಬರುವ ಹೆಸರು ನನಗೆ ಒಂದೇ. ಅದನ್ನೇ ಬರೆದೆ. ದುಂಡಗೆ, ಪ್ಪ ಸಮೇತ.

ಟೀಚರಮ್ಮ ಒಬ್ಬರೇ ಬರಲಿಲ್ಲ. ತಪಾಸಣೆಗೆ ಬಂದಿದ್ದ ಒಬ್ಬ ಸಾಹೇಬರೂ ಜೊತೆಗಿದ್ದರು. ಬೋರ್ಡು ನೋಡಿ, "ಯಾರ್ರೀ ಇಲ್ಲಿ ಹುಲುಗಪ್ಪ?" ಎಂದರು.

ಅವನು ಎದ್ದ. "ನಾನ್ರಿ ಸಾಹೇಬ್ರ."

"ನಿಮ್ಮ ವಯಸ್ಸಿಗೆ ಕಿವಿ ಹಿಡಕೊಂಡು ನಿಂತ್ಕೊ ಅಂತ ಹೇಳಬೇಕೇನ್ರೀ?"

ಕ್ಲಾಸು ಗೊಳ್ಳೆಂದಿತು. ಹುಲುಗಪ್ಪ ಮಂದಗಿವಿಯ ಕಡೆಯಿಂದ ಸರಿಯಾಗಿ ಕೇಳಿಸದೆ, "ಏನಂದ್ರಿ?" ಎಂದು ಕಿವಿಗೆ ಕೈ ಹಚ್ಚಿದ. ಅದು ನಿಜವಾಗಿಯೂ ಕಿವಿ ಹಿಡಿದ ಹಾಗೇ ಕಂಡಿತು. ಇನ್ನೂ ನಕ್ಕರು. ನಾನೂ ನಕ್ಕೆ. ಚಾಕ್‌ಪೀಸ್ ಇನ್ನೂ ನನ್ನ ಕೈಯಲ್ಲೇ ಇತ್ತು. ಅವನು ಸಾಹೇಬರನ್ನು ನೋಡಲಿಲ್ಲ, ಕ್ಲಾಸನ್ನು ನೋಡಲಿಲ್ಲ, ನನ್ನನ್ನು ನೋಡಿದ. ಆಮೇಲೆ ಪುಸ್ತಕ ಬೆಂಚಿನ ಮೇಲೇ ಬಿಟ್ಟು ಹೊರಗೆ ಹೋದ.

ಮನೆಗೆ ಬಂದಾಗ ಅವನು ಬಟ್ಟೆ ತುಂಬುತ್ತಿದ್ದ. "ನಾನು ಬೇಕಂತ ಬರಿಲಿಲ್ಲಲೇ, ನನಗ ಬರೋದು ನಿನ್ ಹೆಸರೊಂದ," ಎಂದೆ.

"ಬರೆದಿದ್ದಕ್ಕಲ್ಲ," ಎಂದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ. "ಚಲೋನ ಬರೆದಿದ್ದಿ. ನಕ್ಕಿಯಲ್ಲ, ಅದಕ್ಕ."

ಹೆಸರಿದ್ದ ರಿಮೋಟನ್ನು ಚೀಲಕ್ಕೆ ಹಾಕಿಕೊಂಡ, ಕನ್ಸೋಲ್ ನನಗೆ ಬಿಟ್ಟ. ಕೆಲಸವನ್ನೂ ಬಿಟ್ಟು ಬುಕ್ಕಸಾಗರದಲ್ಲಿ ಅಣ್ಣನ ಟ್ರ್ಯಾಕ್ಟರ್ ಹಿಡಿದು ಗದ್ದೆ ಕೆಲಸಕ್ಕೆ ನಿಂತ. ತಪ್ಪಾಯಿತು ಎಂಬ ಒಂದು ಮಾತು ಆಗಲೇ ನನ್ನ ಬಾಯಿಂದ ಬಂದಿದ್ದರೆ ಆಗುತ್ತಿತ್ತು. ಬಾಯಿ ಇಲ್ಲದ ಮನುಷ್ಯ ಎಂದು ಅವನೇ ಹೇಳಿದ್ದನಲ್ಲ. ನಾನು ಎರಡನೇ ಸಲಕ್ಕೆ ಹತ್ತನೇ ಪಾಸಾದೆ. ಈಗ ತೂಕದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು ಲಾರಿಗಳ ನಂಬರ್ ಟೈಪ್ ಮಾಡುತ್ತೇನೆ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಇದೆ. ಅದರಲ್ಲಿ ನನ್ನ ಊಟದ ಡಬ್ಬಿ ಕೂರುತ್ತದೆ.

ಕಂಪ್ಲಿ ಬಸ್ಸು ಬುಕ್ಕಸಾಗರದ ಮೇಲೇ ಹೋಗುತ್ತದೆ. ಈ ಒಂಬತ್ತು ವರ್ಷದಲ್ಲಿ ಎಷ್ಟೋ ಸಲ ಆ ಬಸ್ಸಿನಲ್ಲಿ ಹೋಗಿದ್ದೇನೆ. ಒಮ್ಮೆಯೂ ಅಲ್ಲಿ ಇಳಿದಿಲ್ಲ. ಭಾನುವಾರ ಗೇಮ್ ಹಚ್ಚಿ, ಸುಮ್ಮನೆ 'ಇಬ್ಬರ ಆಟ' ಎಂಬುದನ್ನು ಒತ್ತುತ್ತಿದ್ದೆ. ಎರಡನೇ ರಿಮೋಟ್ ಜೋಡಿಸಿ ಎಂದು ಪರದೆ ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಸ್ವಲ್ಪ ಹೊತ್ತು ನೋಡಿ ಹಿಂದಕ್ಕೆ ಬರುತ್ತಿದ್ದೆ.

ಸರಿ, ಅಂಗಡಿಗೆ ವಾಪಸ್ ಹೋಗೋಣ. ಪಾಪ, ಆ ಹುಡುಗಿ ಎಲ್ಲವನ್ನೂ ತಾಳ್ಮೆಯಿಂದ ಹೇಳುತ್ತಿದ್ದಳು. ಹರ್ಟ್ಸು ಜಾಸ್ತಿ ಇದ್ದರೆ ಚಿತ್ರ ನುಣ್ಣಗೆ ಓಡುತ್ತದಂತೆ, ಆದರೆ ನನ್ನ ಹಳೆಯ ಕನ್ಸೋಲಿಗೆ ಅರವತ್ತೇ ಸಾಕಂತೆ. ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಾರು ತಿರುಗಿದ್ದಕ್ಕೂ ನಡುವೆ ಒಂದು ತಡ ಇರುತ್ತದಂತೆ, ಅದು ಕಡಿಮೆ ಇರಬೇಕಂತೆ. ಇದು ನನಗೆ ಚೆನ್ನಾಗಿ ಅರ್ಥವಾಯಿತು. ಹಳೆಯ ಲೋಡರಿನಲ್ಲಿ ಲಿವರ್ ಎಳೆದು ಎಷ್ಟೋ ಹೊತ್ತಿಗೆ ಬಕೆಟ್ ಏಳುತ್ತಿತ್ತು. ತಡದ ವಿಷಯ ನನಗೆ ಹೇಳಿಕೊಡಬೇಕಾಗಿಲ್ಲ.

ನಾನು ಟವೆಲ್ ಬಿಚ್ಚಿ ಕನ್ಸೋಲ್ ತೋರಿಸಿ, ಮನೆಯಲ್ಲಿ ಪರದೆ ಇಲ್ಲದ ಒಂದು ಹಳೆಯ ಕಂಪ್ಯೂಟರೂ ಇದೆ ಎಂದಾಗ ಅವಳಿಗೆ ನಗು ಬಂತು. "ಕೂಸಿನ್ನ ಕರ್ಕಂಡು ಬಂದಂಗ ಬಂದೀರಲ್ಲ ಅಣ್ಣಾರ! ಕಲರ್ ವೈರು ಇದಕ್ಕ ಬ್ಯಾಡ್ರಿ. ಹಿಂದ ಎಚ್‌ಡಿಎಂಐ ಐತಿ, ಅದು ನಡೀತೈತಿ. ಕಂಪ್ಯೂಟರಿಗೊಂದು, ಇದಕ್ಕೊಂದು, ಎರಡು ಕಿಂಡಿ ಇರೋದು ತಗೋರಿ."

ಆಮೇಲೆ ಒಂದು ಬಾಗಿದ ಮಾನಿಟರ್ ತೋರಿಸಿದಳು. ಭಾಳ ಚಂದ ಇತ್ತು, ಎರಡು ತೋಳಿನಿಂದ ಅಪ್ಪಿಕೊಳ್ಳುವ ಹಾಗೆ. "ನಟ್ಟನಡುವ ಕುಂತ್ರ ಮಸ್ತ್ ಕಾಣ್ತೈತ್ರಿ. ಸ್ಪೀಕರ್ ಇಲ್ಲ, ಹೆಡ್‌ಫೋನ್ ಹಾಕ್ಕಂಡ್ರ ಮುಗೀತು, ನೀವಾತು ನಿಮ್ ಗೇಮಾತು."

ನಾನು ಎಡಕ್ಕೆ ಎರಡು ಹೆಜ್ಜೆ ಸರಿದು ನಿಂತೆ. ಅಲ್ಲಿಂದ ಬಣ್ಣ ಮಂಕಾಗಿ ಕಂಡಿತು.

"ಇಲ್ಲಿ ಕುಂತೋರಿಗೆ ಹಿಂಗ ಕಾಣ್ತೈತೇನವ್ವ?"

"ಅದಕ್ಕ ಬ್ಯಾರೆ ಪ್ಯಾನೆಲ್ ಬರ್ತೈತ್ರಿ, ಯಾವ ಕಡೀಂದ ನೋಡಿದ್ರೂ ಬಣ್ಣ ಕೆಡಂಗಿಲ್ಲ." ಅವಳು ನನ್ನ ಮುಖ ನೋಡಿದಳು. "ಪಕ್ಕದಾಗ ಕುಂದ್ರೋರು ಯಾರರ ಅದಾರೇನ್ರಿ?"

ಎಷ್ಟು ಸಾದಾ ಪ್ರಶ್ನೆ ನೋಡಿ. ಇಲ್ಲ ಎಂದರೆ ಆ ಬಾಗಿದ ಚಂದದ್ದು ನನ್ನದಾಗುತ್ತಿತ್ತು, ನಟ್ಟನಡುವೆ ಕೂತು, ಕಿವಿ ಮುಚ್ಚಿಕೊಂಡು, ಉಳಿದ ಕಾಲವೆಲ್ಲ.

"ಅದಾನ," ಎಂದೆ. "ಎಡಕ್ಕ ಕುಂದ್ರತಾನ. ಸ್ಪೀಕರೂ ಇರೋದು ಕೊಡವ್ವ, ಅವನಿಗೆ ಒಂದ್ ಕಿವಿ ಕೇಳಂಗಿಲ್ಲ."

ಗುರುವಾರ ಮಾನಿಟರ್ ಜೋಡಿಸಿದೆ. ಚಪ್ಪಟೆಯದು, ದೊಡ್ಡದು. ಫೋನಿನಲ್ಲಿ ಅವನ ಹಳೆಯ ನಂಬರ್ ತೆಗೆದು ಟೈಪ್ ಮಾಡಿದೆ: ಹುಲುಗಪ್ಪ. ಬೋರ್ಡಿನ ಮೇಲೆ ಬರೆದ ಹಾಗೇ ಕಂಡಿತು. ಅಳಿಸಿದೆ. ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿದೆ. "ಹುಲುಗಾ, ನಾನಲೇ. ಹೊಸ ಮಾನಿಟರ್ ತಂದೀನಿ. ಅವತ್ತು ನಕ್ಕಿದ್ದು ತಪ್ಪಾತು." ಇಷ್ಟಕ್ಕೆ ಮೂರು ಸಲ ಅಳಿಸಿ ಮೂರು ಸಲ ಹೇಳಬೇಕಾಯಿತು.

ಶುಕ್ರವಾರ ಏನೂ ಬರಲಿಲ್ಲ. ನಿನ್ನೆ ಮಧ್ಯಾಹ್ನ ತೂಕದ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚುವಾಗ ಫೋನ್ ಟಿಣ್ ಎಂದಿತು. ದನಿಯ ಸಣ್ಣ ತುಣುಕು. ಹಿಂದೆ ಟ್ರ್ಯಾಕ್ಟರಿನ ಸದ್ದು, ಅದರ ಮೇಲೆ ಅದೇ ಗಟ್ಟಿ ಗಂಟಲು:

"ಮಾತಾಡಿದ್ರ ಹೆಸರು ಬರೀತೈತೇನಲೇ ಅದು?"

ಬರುತ್ತೇನೆ ಎಂದಿಲ್ಲ. ಬರುವುದಿಲ್ಲ ಎಂದೂ ಇಲ್ಲ. ಇಲ್ಲಲೇ, ಬಾ ಎಂದು ಹೇಳಿ ಕಳಿಸಿದ್ದೇನೆ. ಇವತ್ತು ಭಾನುವಾರ. ಪಕ್ಕದ ಮನೆಯಿಂದ ಒಂದು ಕುರ್ಚಿ ಕೇಳಿ ತಂದು ಎಡಕ್ಕೆ ಹಾಕಿದ್ದೇನೆ. ಇದರಲ್ಲಿ ಊಟದ ಡಬ್ಬಿ ಕೂರುವುದಿಲ್ಲ. ಈ ಬರಹವನ್ನು ಆ ಮಾನಿಟರಿನಲ್ಲೇ ಟೈಪ್ ಮಾಡುತ್ತಿದ್ದೇನೆ. ಆಗಾಗ ಎದ್ದು ಹೋಗಿ ಎಡಗಡೆಯ ಕುರ್ಚಿಯಲ್ಲಿ ಕೂತು ನೋಡುತ್ತೇನೆ. ಅಲ್ಲಿಂದಲೂ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಹೊರಗೆ ಆಟೋ ನಿಂತ ಸದ್ದಾದರೆ ಬೆರಳು ನಿಲ್ಲುತ್ತದೆ, ಅದು ಮುಂದಕ್ಕೆ ಹೋದ ಮೇಲೆ ಮತ್ತೆ ಶುರು ಮಾಡುತ್ತೇನೆ.

ನಿಮ್ಮಲ್ಲೂ ಯಾರಾದರೂ ನಗಬಾರದ ಹೊತ್ತಿನಲ್ಲಿ ನಕ್ಕು ಗೆಳೆಯನನ್ನು ಕಳೆದುಕೊಂಡವರು ಇರಬಹುದು. ಆ ಗೆಳೆಯರು ವಾಪಸ್ ಬಂದರಾ? ಬಂದಿದ್ದರೆ ಹೇಗೆ ಬಂದರು, ಮೊದಲ ಮಾತು ಯಾರು ಆಡಿದರು, ನನಗೆ ತಿಳಿಸಿ. ಸಂಕೋಚ ಬೇಡ, ಎಷ್ಟು ಬೇಕಾದರೂ ಮಾತಾಡಿ. ನಾನು ಹೆಸರು ಬರೆದುಕೊಳ್ಳುವುದಿಲ್ಲ.