ಸುರೇಂದ್ರನ ಕೆಸುವಿನೆಲೆ ಸುಶಿ

ಸೊರಬ ತಾಲ್ಲೂಕಿನ ಉಳವಿಯ ಸುರೇಂದ್ರನಿಗೆ ಮೂವತ್ಮೂರು ತುಂಬಿತ್ತು. ಪವರ್ ಟಿಲ್ಲರಿನ ಎಂಜಿನ್ನು ಕೆಮ್ಮಿದರೆ ಎಲ್ಲಿ ಕೆಟ್ಟಿದೆ ಎಂದು ಗದ್ದೆಯ ಬದುವಿನ ಮೇಲೆ ನಿಂತೇ ಹೇಳುತ್ತಿದ್ದ. ಆದರೆ ಹಾಲು ಉಕ್ಕುವ ಮುಂಚೆ ಏನು ಮಾಡುತ್ತದೆ ಎಂದು ಕೇಳಿದರೆ ತಾಯಿಯ ಮುಖ ನೋಡುತ್ತಿದ್ದ. ಅಡುಗೆಮನೆಗೆ ಅವನು ಹೋಗುತ್ತಿದ್ದುದು ಫೋನನ್ನು ಚಾರ್ಜಿಗೆ ಹಾಕಲು, ಇಲ್ಲವೇ ಊಟ ಇನ್ನೂ ಆಗಿಲ್ಲವಾ ಎಂದು ಕೇಳಲು. ಇದರಲ್ಲಿ ಅವನೊಬ್ಬನದೇ ಹೆಚ್ಚುಗಾರಿಕೆ ಏನಿಲ್ಲ. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕು ಜಾಲಾಡಿ, ಉಂಡ ತಟ್ಟೆಯನ್ನು ತಾವೇ ತೊಳೆದಿಡುವ ಗಂಡಸರನ್ನೆಲ್ಲ ಒಂದು ಮಿನಿ ಬಸ್ಸಿಗೆ ಹತ್ತಿಸಿದರೆ ಕಂಡಕ್ಟರು ಇನ್ನೂ ಅರ್ಧ ಗಂಟೆ ಸೀಟಿದೆ, ಸೀಟಿದೆ ಎಂದು ಕೂಗಬೇಕಾಗುತ್ತದೆ.

ಅಂಥವನು ಬಾಣಸಿಗನಾಗಿದ್ದು ವಾಟ್ಸಾಪಿನ ಸ್ಟೇಟಸ್ಸಿನಲ್ಲಿ. ಅದಕ್ಕೆ ಕಾರಣ ಶಿಕಾರಿಪುರದ ಮಲ್ಲೇಶಪ್ಪ. ಗಂಡು ಹೆಣ್ಣು ಕೂಡಿಸುವ ಕಸುಬಿನ ಈ ಮನುಷ್ಯ ಆರು ವರ್ಷ ಸುರೇಂದ್ರನ ಫೋಟೋ ಹಿಡಿದು ತಿರುಗಿ ಸೋತಿದ್ದ. ಕೊನೆಗೊಂದು ದಿನ ಬಂದವನೇ, "ಈಗಿನ ಹುಡುಗೇರು ಜಾತಕ ಆಮ್ಯಾಲೆ ನೋಡ್ತಾರ್ರೀ, ಮೊದ್ಲು ಸ್ಟೇಟಸ್ ನೋಡ್ತಾರ. ನಿಮ್ಮದ್ರಾಗ ಬರೀ ಟಿಲ್ಲರ್ ಐತಿ. ಟಿಲ್ಲರ್‌ನ ಯಾರು ಮದುವಿ ಆಗ್ತಾರ?" ಎಂದ. ಸುರೇಂದ್ರ ಅದೇ ಸಂಜೆ ಎಲ್ಲಿಂದಲೋ ಒಂದು ಚಿತ್ರ ಇಳಿಸಿಕೊಂಡ. ಕಪ್ಪು ತಟ್ಟೆ, ಅದರ ಒಂದು ಬದಿಗೆ ಗರಿಗರಿಯಾಗಿ ಕರಿದ ಸಿಗಡಿ, ಇನ್ನೊಂದು ಬದಿಗೆ ಸಿಗಡಿ ಇಟ್ಟು ಸುತ್ತಿದ ಅನ್ನದ ಸುರುಳಿಗಳು. ಕೆಳಗೆ ಬರೆದ: ಜಪಾನಿನ ಟೆಂಪುರಾ, ಸುಶಿ. ನನ್ನ ಕೈರುಚಿ.

ಚಿತ್ರದ ಮೂಲೆಯಲ್ಲಿ ಯಾವುದೋ ಹೋಟೆಲಿನ ಹೆಸರು ಇತ್ತು. ಅದನ್ನು ಅವನು ನೋಡಲೇ ಇಲ್ಲ.

ನೋಡಿದವಳು ತೃಪ್ತಿ. ಅಂಜನಾಪುರದ ಹುಡುಗಿ, ಶಿಕಾರಿಪುರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಊರಲ್ಲಿ ಮೀಸೆ ತಿರುವುವ ದೊಡ್ಡ ದೊಡ್ಡವರು ತನ್ನ ಸೂಜಿ ಕಂಡು ಗೋಡೆಯ ಕಡೆ ಮುಖ ತಿರುಗಿಸುವುದನ್ನು ದಿನವೂ ನೋಡಿದ್ದರಿಂದ ಗಂಡಸರ ವಿಷಯದಲ್ಲಿ ಅವಳಿಗೆ ಅಂಥ ಹೆದರಿಕೆ ಉಳಿದಿರಲಿಲ್ಲ. ಹನ್ನೊಂದು ಸಲ ಅವಳನ್ನು ನೋಡಲು ಬಂದಿದ್ದರು. ಒಬ್ಬರು ನಡೆದು ತೋರಿಸು ಎಂದಿದ್ದರು, ಕುಂಟೇನೋ ಎಂದು. ಒಬ್ಬರು ಹಾಡು ಎಂದಿದ್ದರು. ಒಬ್ಬ ಅತ್ತೆಯಾಗಬೇಕಿದ್ದವರು ಸೂಜಿಗೆ ದಾರ ಪೋಣಿಸು ಎಂದು ಕಣ್ಣಿನ ಪರೀಕ್ಷೆ ಮಾಡಿದ್ದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಾದರೂ ಎತ್ತಿನ ಮನೆಯಲ್ಲಿ ಕೂತು ಕೇಸರಿಬಾತು ತಿನ್ನುವುದಿಲ್ಲ. ಇವರು ತಿಂದು, ಕೈ ಒರೆಸಿಕೊಂಡು, ಆಮೇಲೆ ತಿಳಿಸ್ತೀವಿ ಎಂದು ಹೋದವರು.

ಮಲ್ಲೇಶಪ್ಪ ಸುರೇಂದ್ರನ ಸ್ಟೇಟಸ್ ತೋರಿಸಿದಾಗ ತೃಪ್ತಿ ಒಂದಲ್ಲ, ನಾಲ್ಕು ಷರತ್ತು ಹೇಳಿ ಕಳಿಸಿದಳು. ಮಲ್ಲೇಶಪ್ಪ ಅವನ್ನು ಉಳವಿಗೆ ಹೊತ್ತು ತಂದ.

"ಹುಡುಗಿ ನೋಡಾಕ ನೀವು ಹೋಗಂಗಿಲ್ರೀ. ಈ ಭಾನುವಾರ ಅವ್ರೇ ಬರ್ತಾರ, ನಿಮ್ಮನ್ನ ನೋಡಾಕ. ಸ್ಟೇಟಸ್‌ನಾಗ ಹಾಕಿದ್ದನ್ನೇ ನೀವು ಮಾಡ್ಬೇಕು. ಒಲಿ ಜಗಲಿ ಮ್ಯಾಲೆ, ಎಲ್ಲಾರ ಎದುರಿಗೆ. ನಿಮ್ಮ ತಾಯಿ ಅಲ್ಲೇ ಕುರ್ಚಿ ಮ್ಯಾಲೆ ಕೂತಿರ್ಬೇಕು. ಏಳಂಗಿಲ್ಲ, ಕೈ ಹಾಕಂಗಿಲ್ಲ, ಹಿಂಗ್ ಮಾಡು ಹಂಗ್ ಮಾಡು ಅಂತ ಮಾತಾಡಂಗಿಲ್ಲ."

ಸುರೇಂದ್ರನ ತಾಯಿ ವನಜಮ್ಮ ಬಾಗಿಲ ಸಂದಿನಲ್ಲಿ ನಿಂತು ಕೇಳುತ್ತಿದ್ದರು. "ಕುರ್ಚಿ ಮೇಲೆ ಕೂರ್ಬೇಕಂತಾ?" ಎಂದರು.

"ಹೂಂ ಅಕ್ಕಾರ."

"ಈ ಮನೆಗೆ ಬಂದು ಮೂವತ್ತೈದು ವರ್ಷ ಆತು. ನೆಂಟರು ಬಂದಾಗ ನಂಗೆ ಕೂತ್ಕ ಅಂದವ್ರು ಇವಳೊಬ್ಳೇ. ಕೂರ್ತೀನಿ ಬಿಡು."

ಸುರೇಂದ್ರನಿಗೆ ಸಿಟ್ಟು ಬಂತು. ಬೇಡ ಎನ್ನಬಹುದಿತ್ತು. ಆದರೆ ಆರು ವರ್ಷದಲ್ಲಿ ಬಂದ ಒಂದೇ ಒಂದು ಹೂಂ ಇದು. ಇದೂ ಹೋದರೆ ಇನ್ನು ಫೋಟೋ ಹಿಡಿದು ತಿರುಗುವುದಿಲ್ಲ ಎಂದು ಮಲ್ಲೇಶಪ್ಪ ಖಡಾಖಂಡಿತ ಹೇಳಿದ್ದ. ಮದುವೆ ಬೇಕಿದ್ದರೆ ಭಾನುವಾರದೊಳಗೆ ಜಪಾನಿನವನಾಗಲೇಬೇಕಿತ್ತು.

ಶನಿವಾರ ಶಿಕಾರಿಪುರಕ್ಕೆ ಹೋದ. ವಿನೆಗರು, ಕಾರ್ನ್‌ಫ್ಲೋರು ಗೋಬಿ ಮಂಚೂರಿ ಗಾಡಿಯವನ ಹತ್ತಿರ ಸಿಕ್ಕವು. ಸುಶಿ ಸುತ್ತಲು ಕಡಲ ಪಾಚಿಯಿಂದ ಮಾಡಿದ ಹಾಳೆ ಬೇಕು ಎಂದು ಅವನು ಫೋನಿನಲ್ಲಿ ನೋಡಿ ಕಲಿಯುತ್ತಿದ್ದ ಅಡುಗೆಯ ವಿಡಿಯೋದಲ್ಲಿತ್ತು. ಕಿರಾಣಿ ಅಂಗಡಿಯವನನ್ನು ಕೇಳಿದ.

"ಪಾಚಿನಾ? ನಮ್ಮ ನೀರಿನ ಟ್ಯಾಂಕಿನಾಗ ಬೇಕಾದಷ್ಟು ಐತಿ. ಕೆರಕೊಂಡು ಹೋಗ್ರಿ, ನನಗೂ ಟ್ಯಾಂಕ್ ತೊಳೆದಂಗ ಆಗ್ತದ."

ಭಾನುವಾರ ಬೆಳಿಗ್ಗೆ ಬೈಕ್ ಹತ್ತಿ ಅಂಜನಾಪುರದ ಡ್ಯಾಮಿನ ಹತ್ತಿರ ಸಿಗಡಿ ಕೊಂಡು ತಂದ. ಸಿಪ್ಪೆ ಸುಲಿದು, ಬೆನ್ನು ಸೀಳಿ, ಕಪ್ಪು ನರ ಎಳೆಯುವ ಹೊತ್ತಿಗೆ ಎರಡು ಗಂಟೆ ಹೋಯಿತು. ಅಷ್ಟರಲ್ಲಿ ಸಿಗಡಿ ಕದ್ದು ತಿಂದ ಮನೆಯ ಬೆಕ್ಕು ಅವನಿಗಿಂತ ಹೆಚ್ಚು ಜಪಾನು ಕಂಡಿತ್ತು. ಅನ್ನ ಮೆತ್ತಗೆ ಅಂಟಾಗಬೇಕು ಎಂದು ವಿಡಿಯೋದಲ್ಲಿ ಹೇಳಿದ್ದರು. ಅದೊಂದು ಅವನಿಗೆ ಕಷ್ಟವಾಗಲಿಲ್ಲ. ಉದುರುದುರಾಗಿ ಮಾಡು ಎಂದಿದ್ದರೆ ಗತಿಯಿರಲಿಲ್ಲ.

ಪಾಚಿ ಹಾಳೆ ಮಾತ್ರ ಇಲ್ಲ. ಸುರೇಂದ್ರ ಹಿತ್ತಲಿಗೆ ಹೋಗಿ ನಿಂತ. ಬಚ್ಚಲ ನೀರು ಹರಿಯುವಲ್ಲಿ ಕೆಸು ಸೊಂಪಾಗಿ ಬೆಳೆದಿತ್ತು. ಅಗಲದ ಎಲೆ, ಕಡು ಹಸಿರು. ತಾಯಿ ಪತ್ರೊಡೆಗೆ ಸುತ್ತುವುದು ಇದನ್ನೇ ಅಲ್ಲವೇ? ಅವನ ಮುಖ ಅರಳಿತು. ಮೂವತ್ಮೂರು ಮಳೆಗಾಲ ಅವನು ಪತ್ರೊಡೆ ತಿಂದಿದ್ದ. ಆ ಎಲೆ ಹಿತ್ತಲಿನಿಂದ ಹೊರಟು ತಟ್ಟೆಗೆ ಬರುವ ನಡುವೆ ಅದಕ್ಕೆ ಏನೇನು ಮಾಡುತ್ತಾರೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಎಲೆ ಕೊಯ್ದು ತರುವಾಗ ವನಜಮ್ಮ ಕುರ್ಚಿಯಲ್ಲಿ ಆಗಲೇ ಆಸೀನರಾಗಿದ್ದರು.

"ಅದು ಎಂತಕ್ಕೆ?"

"ಸುಶಿ ಸುತ್ತಕ್ಕೆ."

"ಅಲ್ದಾ, ಆ ಎಲೆನ ಮೊದ್ಲು..."

"ಅಮ್ಮ, ನೀನು ಮಾತಾಡೋ ಹಂಗಿಲ್ಲ."

"ಅವ್ರಿನ್ನೂ ಬಂದಿಲ್ಲಲೋ ಮಾರಾಯ. ಹುಣಸೆಹುಳಿ..."

"ಜಪಾನಿನವ್ರು ಹುಣಸೆಹುಳಿ ಹಾಕಲ್ಲ. ಸುಮ್ನೆ ಕೂತ್ಕ."

ವನಜಮ್ಮ ಸುಮ್ಮನಾದರು. ಸುಮ್ಮನಿರುವುದು ಅವರಿಗೆ ಚೆನ್ನಾಗಿ ಅಭ್ಯಾಸವಾಗಿದ್ದ ಕೆಲಸ.

ಹನ್ನೊಂದರ ಬಸ್ಸಿಗೆ ಬಂದರು. ತೃಪ್ತಿ, ಅವಳ ತಂದೆ ಸುಬ್ಬಪ್ಪ, ಮಲ್ಲೇಶಪ್ಪ. ಸುಬ್ಬಪ್ಪ ಗದ್ದೆಗಳಿಗೆ ನಾಲೆಯ ನೀರು ಬಿಡುವ ನೀರುಗಂಟಿಯಾಗಿ ನಿವೃತ್ತರಾದವರು. ಗಂಡಿನ ಮನೆಯಲ್ಲಿ ಹೆಣ್ಣಿನ ತಂದೆ ಹೇಗೆ ಕೂರಬೇಕೋ ಹಾಗೆ ಬೆಂಚಿನ ತುದಿಯಲ್ಲಿ ಕೂತರು. ಸರಿಯಾಗಿ ಕೂತ್ಕಳಪ್ಪ, ನೋಡೋಕೆ ಬಂದಿರೋರು ನಾವು ಎಂದು ಮಗಳು ಮೆಲ್ಲಗೆ ಹೇಳಿದರೂ ಹಿಂದೆ ಸರಿಯಲಿಲ್ಲ. ತೃಪ್ತಿ ವನಜಮ್ಮನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಳು.

ಸುರೇಂದ್ರ ಟೆಂಪುರಾಕ್ಕೆ ಮೈದಾ, ಕಾರ್ನ್‌ಫ್ಲೋರು ಸುರಿದ. "ಐಸ್ ನೀರು ಬೇಕು," ಎಂದು ತನ್ನಷ್ಟಕ್ಕೆ ಹೇಳಿಕೊಂಡ.

"ಫ್ರಿಜ್‌ವರೆಗೂ ನಡೆದು ಹೋಗಿ ತಗೊಂಡ್ ಬರ್ರಿ," ಎಂದಳು ತೃಪ್ತಿ. "ಹಂಗೇ ನಡಿಗೆ ನೋಡಿದಂಗೂ ಆಗುತ್ತೆ."

ಮಲ್ಲೇಶಪ್ಪ ಕೆಮ್ಮಿದ. ಸುರೇಂದ್ರ ಫ್ರಿಜ್‌ವರೆಗೆ ನಡೆದ. ಹುಟ್ಟಿದಾಗಿನಿಂದ ನಡೆಯುತ್ತಿದ್ದವನಿಗೆ ಅವತ್ತು ಎರಡು ಕಾಲಿನಲ್ಲಿ ಯಾವುದನ್ನು ಮೊದಲು ಇಡಬೇಕು ಎನ್ನುವುದೇ ಮರೆತುಹೋಯಿತು.

"ಹಾಡು ಬರುತ್ತೇನ್ರೀ?"

"ಇಲ್ಲ."

"ಪರವಾಗಿಲ್ಲ ಬಿಡ್ರಿ. ನಂಗೂ ಬರಲ್ಲ, ಹಾಡಿಸಿದ್ರು."

ಹಿಟ್ಟನ್ನು ಎರಡು ಸುತ್ತು ತಿರುವಿ ಬಿಟ್ಟ. ತುಂಬ ಗಂಟು. ವನಜಮ್ಮನ ಬಲಗೈ ತಾನಾಗಿ ಎದ್ದು ಗಾಳಿಯಲ್ಲಿ ಎರಡು ಸಲ ಹಿಟ್ಟು ಕಲೆಸಿ ಮಡಿಲಿಗೆ ಮರಳಿತು. ಗಂಟು ಒಡೆಯಬಾರದು, ಹೆಚ್ಚು ಕಲೆಸಿದರೆ ಗರಿಗರಿ ಆಗಲ್ಲ ಎಂದು ವಿಡಿಯೋದ ಹೆಂಗಸು ಒತ್ತಿ ಹೇಳಿದ್ದಳು, ಸುರೇಂದ್ರ ಅದನ್ನು ಶಿರಸಾವಹಿಸಿ ಪಾಲಿಸಿದ. ಕಾದ ಎಣ್ಣೆಗೆ ಬಿಟ್ಟ ಸಿಗಡಿ ಚರ್ರೆಂದು ಅರಳಿ, ಮೈತುಂಬ ಹೊಪ್ಪಳೆ ಎದ್ದು, ಚಿತ್ರದಲ್ಲಿದ್ದಂತೆಯೇ ಮೇಲೆ ಬಂತು. ಬಾಯಿಗಿಟ್ಟರೆ ಕುರುಕುರು ಸದ್ದು ರಸ್ತೆಗೆ ಕೇಳುವಂತಿತ್ತು. ವನಜಮ್ಮ ಒಂದು ತಿಂದು, ಇನ್ನೊಂದು ತಿಂದು, ಗಂಟಿನ ಹಿಟ್ಟಿನ ಬಗ್ಗೆ ತಮಗೆ ಗೊತ್ತಿಲ್ಲದ್ದೂ ಜಗತ್ತಿನಲ್ಲಿದೆ ಎಂದು ಒಪ್ಪಿಕೊಂಡವರಂತೆ ತಲೆದೂಗಿದರು. ಸುಬ್ಬಪ್ಪ ಬೆಂಚಿನಲ್ಲಿ ಎರಡು ಇಂಚು ಹಿಂದೆ ಸರಿದರು.

ಸುರೇಂದ್ರನ ಎದೆ ಉಬ್ಬಿತು. ಅರ್ಧ ಮದುವೆ ಆದಂತೆಯೇ ಅಂದುಕೊಂಡ. ಸುಶಿ ಸುತ್ತಲೆಂದು ಹೊಸ ಚಾಪೆಯ ತುದಿ ಕತ್ತರಿಸಿ ಇಟ್ಟುಕೊಂಡಿದ್ದನ್ನು ಹಾಸಿ, ಮೇಲೆ ಕೆಸುವಿನ ಎಲೆ, ಅದರ ಮೇಲೆ ವಿನೆಗರು ಬೆರೆಸಿದ ಅನ್ನ, ನಡುವೆ ಬೇಯಿಸಿದ ಸಿಗಡಿ, ಸೌತೆಕಾಯಿ. ಬಿಗಿಯಾಗಿ ಸುತ್ತಿ ದುಂಡಗೆ ಕತ್ತರಿಸಿ ತಟ್ಟೆಯಲ್ಲಿ ಜೋಡಿಸಿದ.

ಸುಬ್ಬಪ್ಪ ಒಂದನ್ನು ಎತ್ತಿ ತಿರುಗಿಸಿ ನೋಡಿದರು. "ಕೆಸ ಅಲ್ಲೇನು ಇದು? ಬೇಯಿಸೀರಿ ತಾನೆ?"

"ಜಪಾನಲ್ಲಿ ಎಲೆ ಬೇಯಿಸಲ್ಲ ಮಾವ," ಎಂದ ಸುರೇಂದ್ರ. ಮಾವ ಎಂಬ ಮಾತು ಲಗ್ನಕ್ಕಿಂತ ಮುಂಚೆ ಬಂದುಬಿಟ್ಟಿತ್ತು.

ಕೆಸು ಏನೆಂದು ಸುಬ್ಬಪ್ಪನವರಿಗೆ ಗೊತ್ತು. ಆದರೆ ಗಂಡಿನ ಮನೆಯವರು ಕೊಟ್ಟದ್ದನ್ನು ಬೇಡ ಎನ್ನುವ ಹೆಣ್ಣಿನ ತಂದೆ ನಮ್ಮಲ್ಲಿ ಇನ್ನೂ ಹುಟ್ಟಬೇಕು. ಕಣ್ಣು ಮುಚ್ಚಿ ಬಾಯಿಗೆ ಹಾಕಿದರು. ಮಲ್ಲೇಶಪ್ಪ ಎಣಿಸದೆ ನಾಲ್ಕು ಹಾಕಿದ. ಮಾಡಿದವನೂ ಎರಡು ತಿಂದ. ತೃಪ್ತಿ ಎಲೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಬದಿಗಿಟ್ಟು, ಒಳಗಿನ ಅನ್ನ, ಸಿಗಡಿ ಮಾತ್ರ ತಿಂದಳು.

ಮೊದಲು ಮಲ್ಲೇಶಪ್ಪನ ಮಾತು ನಿಂತಿತು. ಅವನ ಕಸುಬಿನಲ್ಲಿ ಇದು ಮೊದಲ ಸಲ. ಆಮೇಲೆ ಅವನು ಕತ್ತು ಹಿಡಿದುಕೊಂಡ. ಸುಬ್ಬಪ್ಪ ನಾಲಿಗೆಯನ್ನು ಅಂಗವಸ್ತ್ರದಿಂದ ಒರೆಸಿಕೊಳ್ಳತೊಡಗಿದರು. ಹಸಿ ಕೆಸುವಿನ ತುರಿಕೆಗೆ ಗಂಟಲಿನೊಳಗೆ ಕೆಂಜಿಗ ಇರುವೆಯ ಗೂಡು ಒಡೆದಂತಾಗಿ ಸುರೇಂದ್ರ ಜಗಲಿಯ ಈ ಕಂಬದಿಂದ ಆ ಕಂಬಕ್ಕೆ ಓಡಾಡಿದ. ಈ ಸಲ ನಡಿಗೆ ಚೆನ್ನಾಗಿಯೇ ಬಂತು.

ಷರತ್ತು ಮುರಿದು ಎದ್ದವರು ವನಜಮ್ಮ. ಹುಣಸೆಹುಳಿ, ಬೆಲ್ಲ ಕಿವುಚಿ ತಂದು ಒಬ್ಬೊಬ್ಬರ ಬಾಯಿಗೆ ಹಾಕಿ, ಹಿಂದೆಯೇ ತುಪ್ಪ ನೆಕ್ಕಿಸಿದರು. ಗಂಟಲು ಸ್ವಲ್ಪ ತೆರೆದದ್ದೇ ತಡ, ಸುರೇಂದ್ರನ ಬಾಯಿಂದ ಹೊರಬಿದ್ದ ಮೊದಲ ಮಾತು:

"ಹೇಳಕ್ಕೆ ಏನಾಗಿತ್ತು ನಿಂಗೆ? ನೋಡ್ತಾ ಕೂತಿದ್ದೆ ಅಲ್ದಾ?"

ಸಾರಿಗೆ ಉಪ್ಪು ಹೆಚ್ಚಾದರೂ, ಅಂಗಿಯ ಗುಂಡಿ ಕಿತ್ತರೂ, ಬಸ್ಸು ತಪ್ಪಿದರೂ ಮೂವತ್ಮೂರು ವರ್ಷದಿಂದ ಅವನ ಮಾತು ಹೋಗುತ್ತಿದ್ದುದು ಅದೇ ದಾರಿಯಲ್ಲಿ. ವನಜಮ್ಮನ ಉತ್ತರವೂ ದಾರಿ ತಪ್ಪಲಿಲ್ಲ.

"ಹೌದು ಕಣೋ. ನಂದೇ ತಪ್ಪು. ಎಲೆ ಕಸ್ಕಂಡು ಬಿಸಾಕ್ಬೇಕಿತ್ತು."

ತೃಪ್ತಿ ಇಬ್ಬರನ್ನೂ ನೋಡಿದಳು. ನಂತರ ವನಜಮ್ಮನ ಕಡೆ ತಿರುಗಿದಳು.

"ಅಮ್ಮ, ಒಂದು ಕೇಳ್ತೀನಿ, ಬೇಜಾರಾಗ್ಬ್ಯಾಡ್ರಿ. ನಿಮಗೊಬ್ಬಳು ಮಗಳಿದ್ದಿದ್ರೆ, ಇವರಂಥೋರಿಗೆ ಕೊಡ್ತಿದ್ರಾ?"

ಮಲ್ಲೇಶಪ್ಪ ಸನ್ನೆ ಮಾಡಿದ, ಹೂಂ ಅನ್ನಿ ಎಂದು. ಸುರೇಂದ್ರ ನಿಶ್ಚಿಂತೆಯಿಂದ ನಿಂತಿದ್ದ. ಎಷ್ಟಾದರೂ ಹೆತ್ತ ತಾಯಿ. ತನ್ನ ಸ್ಟೇಟಸ್ಸಿಗಿಂತ ದೊಡ್ಡ ಸುಳ್ಳನ್ನು ಅವಳು ಕಣ್ಣು ಮಿಟುಕಿಸದೆ ಹೇಳುತ್ತಾಳೆ.

ವನಜಮ್ಮ ತುಪ್ಪದ ಗಿಂಡಿಯನ್ನು ಕೆಳಗಿಟ್ಟರು. ಕುರ್ಚಿಯಲ್ಲಿ ಕೂತರು. ಮಗನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು, ಹೊಸಬನನ್ನು ನೋಡುವ ಹಾಗೆ.

"ಈಗ ಕೊಡ್ತಿರ್ಲಿಲ್ಲ ಕಣೇ."

ಸನ್ನೆ ಮಾಡುತ್ತಿದ್ದ ಮಲ್ಲೇಶಪ್ಪನ ಕೈ ಹಣೆಗೆ ಹೋಯಿತು. ಸುರೇಂದ್ರನ ಬಾಯಿ ತೆರೆದೇ ಇತ್ತು.

"ಕೆಟ್ಟವ ಏನಲ್ಲ," ಎಂದರು ವನಜಮ್ಮ ನಿಧಾನಕ್ಕೆ. "ಕುಡಿಯಲ್ಲ, ದುಡೀತಾನೆ. ಹಾಳು ಮಾಡಿದ್ದು ನಾನೇ. ಹಸಿವಾಗೋ ಮೊದ್ಲೇ ತಟ್ಟೆ ಇಡ್ತಿದ್ದೆ, ಸಿಟ್ಟು ಬರೋ ಮೊದ್ಲೇ ತಪ್ಪೊಪ್ಪಿಕೊಳ್ತಿದ್ದೆ. ಹಿಂಗೇ ಕೊಟ್ರೆ ನಾಳೆ ನೀನೂ ಅದ್ನೇ ಮಾಡ್ಬೇಕಾಗ್ತದೆ. ದೀಪಾವಳಿವರೆಗೆ ಟೈಮ್ ಕೊಡು. ಇವತ್ತಿಂದ ಅಡುಗೆಮನೆ ಅವಂದು. ಆಮೇಲೆ ಇದೇ ಮಾತು ಕೇಳು, ಇದ್ದದ್ದು ಹೇಳ್ತೀನಿ."

ತೃಪ್ತಿ ಫೋನ್ ತೆಗೆದು ನಂಬರ್ ಬರೆದುಕೊಂಡಳು. ಸುರೇಂದ್ರನದಲ್ಲ, ವನಜಮ್ಮನದು. ಹೊರಡುವಾಗ ಎಣ್ಣೆ ಬಾಣಲೆಯ ಕಡೆ ಕೈ ತೋರಿಸಿ, "ಟೆಂಪುರಾ ಚಲೋ ಆಗಿತ್ರೀ. ಅದನ್ನ ಬೂದಿ ಹಾಕಿ ತಿಕ್ಕಿದ್ರೆ ಜಿಡ್ಡು ಬೇಗ ಹೋಗುತ್ತೆ," ಎಂದಳು. ಮಲ್ಲೇಶಪ್ಪನಿಗೆ ಬಸ್ ನಿಲ್ದಾಣದವರೆಗೂ ಸ್ವರ ಹೊರಡಲಿಲ್ಲ.

ಮೂರು ದಿನ ಸುರೇಂದ್ರ ತಾಯಿಯ ಜೊತೆ ಮಾತು ಬಿಟ್ಟ. ಆದರೆ ಹೊಟ್ಟೆ ಮಾತು ಬಿಡುವುದಿಲ್ಲವಲ್ಲ. ವನಜಮ್ಮ ಜಗಲಿಯ ಕುರ್ಚಿಯಿಂದ ಏಳಲಿಲ್ಲ. ಮೊದಲ ದಿನ ಅವಲಕ್ಕಿ, ಎರಡನೇ ದಿನವೂ ಅವಲಕ್ಕಿ. ಮೂರನೆಯ ದಿನ ಅಕ್ಕಿಗೆ ನೀರೆಷ್ಟು ಎಂದು ಗೋಡೆಯನ್ನು ಕೇಳಿದ. ಗೋಡೆಯ ಆಚೆಯಿಂದ ಉತ್ತರ ಬಂತು.

ಈಗ ದಿನವೂ ಸಂಜೆ ಏಳಕ್ಕೆ ವನಜಮ್ಮನ ಫೋನ್ ಬಡಿದುಕೊಳ್ಳುತ್ತದೆ. ಅವರು ಕಾಲು ಚಾಚಿ ಕೂತು, ಒಳಗಿನವನಿಗೂ ಕೇಳಲಿ ಎನ್ನುವಷ್ಟು ಗಟ್ಟಿಯಾಗಿ ವರದಿ ಒಪ್ಪಿಸುತ್ತಾರೆ.

"ಹೂಂ ತೃಪ್ತಿ. ಇವತ್ತು ಅನ್ನ ಸೀದಿಲ್ಲ. ಸಾರಿಗೆ ಉಪ್ಪು ಮರ್ತಿದ್ದ. ಇಲ್ಲ, ನನ್ ಮೇಲೆ ಹಾಕ್ಲಿಲ್ಲ, ಅವ್ನೇ ಎದ್ದು ಹೋಗಿ ತಂದ. ಪಾತ್ರೆನಾ? ತೊಳೀತಾನೆ, ತಳ ಮಾತ್ರ ಬಿಡ್ತಾನೆ. ಮತ್ತಿನ್ನೇನಿಲ್ಲ..."

ಅಡುಗೆಮನೆಯಿಂದ ಒಗ್ಗರಣೆಯ ಸದ್ದಿನ ಮೇಲೆ ದನಿ ಬಂತು.

"ತಂಬುಳಿ ಮಾಡಿದ್ದು ಹೇಳಮ್ಮ."