ಅಂಚಿನ ಕೆಂಪು ಕಲ್ಲು

ಸುಭಾನಸಾಬನಿಗೆ ದೇವರನ್ನು ಮಾಡುವ ಇರಾದೆ ಇರಲಿಲ್ಲ. ಅವನು ಮಾಡಿದ್ದು ಬೋರ್ಡು.

ಊರು ಘೋಡಗೇರಿ. ಹದಿನೇಳನೇ ವಯಸ್ಸಿಗೆ ಬ್ರಶ್ ಹಿಡಿದವನು ಅರವತ್ತು ಸಮೀಪಿಸಿದರೂ ಬಿಟ್ಟಿಲ್ಲ. ಕಿರಾಣಿ ಅಂಗಡಿ, ಹಾಲಿನ ಡೇರಿ, ಟ್ರಾಕ್ಟರಿನ ಟ್ರೇಲರು, ಶಾಲೆಯ ಗೋಡೆ. ಮೂಡಲಗಿಯಿಂದ ಹುಕ್ಕೇರಿಯವರೆಗೆ ಅವನ ಅಕ್ಷರ ಬೀಳದ ರಸ್ತೆ ಕಡಿಮೆ. ಕಾಲುವೆ ನೀರಿಗಾಗಿ ರೈತರು ರಸ್ತೆಯಲ್ಲಿ ಕೂತ ಕಾಲದಲ್ಲಿ ಬಟ್ಟೆಯ ಬ್ಯಾನರುಗಳನ್ನೆಲ್ಲ ಬರೆದವನು ಅವನೇ. ಬರೆದುಕೊಟ್ಟು ಮನೆಗೆ ಹೋಗುವ ಆಸಾಮಿಯಲ್ಲ, ಬ್ಯಾನರಿನ ಒಂದು ತುದಿ ಹಿಡಿದು ಮುಂದಿನ ಸಾಲಿನಲ್ಲೇ ನಡೆಯುತ್ತಿದ್ದ. ಪೊಲೀಸರು ಲಾಠಿ ಎತ್ತಿದಾಗ ಮಾತ್ರ ಮೊದಲು ಬ್ಯಾನರ್ ಸುತ್ತಿ ಬಗಲಲ್ಲಿಟ್ಟು ಆಮೇಲೆ ಓಡುತ್ತಿದ್ದ. "ಬೆನ್ನ ಮಾಯತೈತಿ, ಅಕ್ಷರ ಹೊಲಸಾದ್ರ ತೊಳಿಯಾಕ ಬರೂದಿಲ್ಲ" ಎನ್ನುತ್ತಿದ್ದ.

ಆಮೇಲೆ ಫ್ಲೆಕ್ಸ್ ಬಂತು. ಪುಢಾರಿಗಳ ಹಲ್ಲುಗಳೆಲ್ಲ ಬಣ್ಣದಲ್ಲಿ ಕಾಣತೊಡಗಿದವು. ಸುಭಾನಸಾಬನಿಗೆ ಕೆಲಸ ಇಳಿಯಿತು, ನಡಿಗೆ ಏರಿತು. ಬೆಳಿಗ್ಗೆ ಚಹಾ ಕುಡಿದು ಬಸ್ಸು ಹಿಡಿದು ಹೋದವನು ಗೊಡಚಿನಮಲ್ಕಿ ಜಲಪಾತದ ಸದ್ದು ಬೆನ್ನ ಹಿಂದೆ ಸಣ್ಣದಾಗುವವರೆಗೂ ಮಾರ್ಕಂಡೇಯ ನದಿಯ ಕಮರಿಯ ಮೇಲೆ ನಡೆಯುತ್ತಿದ್ದ. ಎಲ್ಲಿ ಕೆಂಗಲ್ಲು ಮೆಟ್ಟಿಲಾಗಿ ಇಳಿಯುತ್ತದೆ, ಯಾವ ಪೊದೆಯಲ್ಲಿ ನವಿಲು ಮೊಟ್ಟೆ ಇಡುತ್ತದೆ, ಮಳೆ ನಿಂತ ಮೇಲೂ ಯಾವ ಒರತೆಯಲ್ಲಿ ನೀರು ಇರುತ್ತದೆ, ಎಲ್ಲ ಕಾಲಿಗೇ ಗೊತ್ತಾಯಿತು.

ಹೀಗಾಗಿ ಗೋಕಾಕದ ಡ್ರಾಯಿಂಗ್ ಮಾಸ್ತರ ಸದಾಶಿವ ಒಂದು ನಡಿಗೆ ಬಳಗ ಕಟ್ಟಿ, ಕಮರಿಯ ಉದ್ದಕ್ಕೂ ಹಾದಿ ಗುರುತಿಸಬೇಕೆಂದಾಗ ನೇರ ಇವನ ಮನೆಗೇ ಬಂದ.

"ಇಪ್ಪತ್ತ ಹೆಜ್ಜಿಗೊಂದ ಬಾಣ ಬೇಕ್ರಿ ಸುಭಾನಸಾಬ್ರ. ನಮ್ಮ ಮಂದಿ ಮೊಬೈಲ್ ನೋಡ್ಕೋತ ನದಿಗೇ ಇಳಿಯಾವ್ರು."

ಸುಭಾನಸಾಬ ಬಂಡೆಗಳ ಮೇಲೆ ಬಿಳಿ ಬಾಣ ಬರೆಯುತ್ತ ಹೋದ. ಒಂದು ಕಡೆ ಮಾತ್ರ ಬಾಣ ಸಾಲದೆನಿಸಿತು. ಅಲ್ಲಿ ಹಾಸುಬಂಡೆಯೊಂದು ಮನೆಯ ಕಟ್ಟೆಯ ಹಾಗೆ ಕಮರಿಯ ಮೇಲೆ ಚಾಚಿದೆ. ತುದಿಗೆ ನಿಂತರೆ ನದಿ ಎರಡು ತಿರುವು ತಿರುಗಿ ಘಟಪ್ರಭಾ ಕಡೆಗೆ ಹೋಗುವುದು, ಆಚೆಯ ಕಬ್ಬಿನ ಹಸಿರು, ಅದರಾಚೆ ಬಸ್ಸೆಬ್ಬಿಸಿದ ಧೂಳು, ಎಲ್ಲ ಕಾಣುತ್ತದೆ. ಯಾರಿಗಾದರೂ ಅಲ್ಲೇ ನಿಲ್ಲಬೇಕೆನಿಸುತ್ತದೆ. ಆದರೆ ಕೆಳಗಿನಿಂದ ನೋಡಿದವನಿಗೆ ಗೊತ್ತು: ಬಂಡೆಯ ತಳವನ್ನು ನೀರು ಗಾಳಿ ತಿಂದು ಹಾಕಿವೆ. ಬುಡದ ಬಿರುಕಿನಲ್ಲಿ ಕೈ ಹೋಗುತ್ತದೆ. ಅವನು ಮೊಣಕಾಲೆತ್ತರದ ಕಲ್ಲೊಂದನ್ನು ಆ ಬಂಡೆಯ ಮೇಲೆ ನಿಲ್ಲಿಸಿ, ಪೂರ್ತಿ ಕೆಂಪು ಬಳಿದು, ನಡುವೆ ಬಿಳಿಯಲ್ಲಿ 'ಅಪಾಯ' ಎಂದು ದುಂಡಗೆ ಬರೆದು ಬಂದ.

ಮೂರು ವಾರ ಬಿಟ್ಟು ಹೋದರೆ ಕಲ್ಲಿನ ಮೈತುಂಬ ಭಂಡಾರದ ಅರಿಸಿನ. ಎದುರಿಗೆ ಒಡೆದ ಕಾಯಿ, ನಿಂಬೆಹಣ್ಣು, ಹಸಿರು ಬಳೆ, ಎಣ್ಣೆಯ ಜಿಡ್ಡು. ಅಕ್ಷರಗಳಲ್ಲಿ 'ಪ'ದ ಹೊಟ್ಟೆಯಷ್ಟೇ ಉಳಿದಿತ್ತು. ಮೊದಲು ಅವನಿಗೆ ಹೊಟ್ಟೆ ಉರಿದದ್ದು ಅಕ್ಷರಕ್ಕೆ. ಹೆದರಿಕೆ ಆಮೇಲೆ ಬಂತು. ಜನ ದೂರ ಇರಲೆಂದು ನಿಲ್ಲಿಸಿದ ಕಲ್ಲು ಜನರನ್ನು ತುದಿಗೇ ಕರೆದು ಕೂರಿಸಿಕೊಂಡಿತ್ತು.

ದನ ಕಾಯುವವರನ್ನು ಕೇಳಿದ. ತುಕ್ಕಾನಟ್ಟಿಯ ಕುರುಬರ ದುಂಡವ್ವನ ಗಬ್ಬದ ಕುರಿಯೊಂದು ಎರಡು ದಿನ ತಪ್ಪಿಸಿಕೊಂಡಿತ್ತಂತೆ. ಸಿಕ್ಕಿದ್ದು ಈ ಕಲ್ಲಿನ ಬುಡದಲ್ಲಿ, ಜೋಡಿ ಮರಿಗಳ ಜೊತೆ. ಬರುವ ಅಮಾವಾಸ್ಯೆಗೆ ಬಂಧು ಬಳಗವನ್ನೆಲ್ಲ ಕರೆದು ಅಲ್ಲೇ ಹೋಳಿಗೆ ಮಾಡುತ್ತಾಳಂತೆ. ಅಮಾವಾಸ್ಯೆಗೆ ಐದು ದಿನ ಇತ್ತು.

ಮನೆಯಲ್ಲಿ ಹೆಂಡತಿ ಮೈನಾಬಿ ಕೇಳಿ ಹೊಟ್ಟೆ ಹಿಡಿದು ನಕ್ಕಳು. "ಅಲ್ರಿ, ನಲವತ್ತ ವರ್ಷ ಬಣ್ಣ ಬಳದ್ರಿ, ಒಬ್ಬರರ ಕೈ ಮುಗದ್ರೇನ? ಈಗ ಮುಗದ್ರ ಮಾರಿ ಹಿಂಗ್ಯಾಕ ಮಾಡೀರಿ?"

"ಚಾಷ್ಟಿ ಸಾಕ ಮಾಡ. ತಳಾ ಪೊಳ್ಳ ಐತಿ. ಅಷ್ಟ ಮಂದಿ ಒಮ್ಮೆ ಕುಂತ್ರ ಬಂಡೆನ ಕುಸದ ಹೋಗತೈತಿ."

ಅವಳ ನಗು ನಿಂತಿತು. "ಮತ್ತ ಇಲ್ಯಾಕ ಕುಂತೀರಿ? ಹೋಗ್ರಿ."

ಹೋಗಿ ಮಾಸ್ತರನಿಗೆ ಹೇಳಿದ. "ಅದರಾಗೇನೈತಿ, ಕಿತ್ತ ಒಗದ ಬರ್ರಿ" ಎಂದ ಮಾಸ್ತರ.

"ಸರ, ನೀವ ಒಗೀರಿ. ಸುಭಾನಸಾಬ ಒಗದ್ರ ನಾಳಿ ಪೇಪರಿಗಿ ಬರತೈತಿ."

ಮಾಸ್ತರ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡ. ಅವನೂ ಒಗೆಯಲು ಹೋಗಲಿಲ್ಲ.

ಉಳಿದದ್ದು ಒಂದೇ ದಾರಿ. ಮರುದಿನ ಸುಭಾನಸಾಬ ಗುಡ್ಡದ ಓರೆಯಲ್ಲಿ ಕುರಿ ಮೇಯಿಸುತ್ತಿದ್ದ ದುಂಡವ್ವನನ್ನು ಹುಡುಕಿಕೊಂಡು ಹೋದ. ಎಪ್ಪತ್ತು ದಾಟಿದ ಮುದುಕಿ. ಹೆಗಲಿಗೆ ಕಂಬಳಿ, ಕೈಯಲ್ಲಿ ತುದಿಗೆ ಕುಡುಗೋಲು ಕಟ್ಟಿದ ಗಳ.

"ಯಕ್ಕಾ, ಆ ಕಲ್ಲ ನಿಲ್ಲಿಸಿದಾಂವ ನಾನ. ಬಣ್ಣಾನೂ ನಂದ."

"ಗೊತ್ತೈತಿ. ಡಬ್ಬಿ ಹೊತ್ಕೊಂಡ ಹೋಗೂದ ನೋಡೇನಿ" ಎಂದಳು ದುಂಡವ್ವ. "ಉಳದ ದೇವರನ್ನ ಯಾರ ಮಾಡ್ಯಾರಂತ ತಿಳದಿ? ನಮ್ಮ ಬೀರಪ್ಪನ ಗುಡಿ ಕಟ್ಟಿದ ಗೌಂಡಿ ಬಾಯಾಗ ಬೀಡಿ ಇಟ್ಕೊಂಡ ಕಟ್ಟಿದಾ."

"ಅದರ ಮ್ಯಾಲ ಅಪಾಯ ಅಂತ ಬರದಿದ್ನಿ."

"ಬರದಿರಬೇಕ. ನನಗ ಓದಾಕ ಬರೂದಿಲ್ಲ. ನನ್ನ ಕುರಿಗೂ ಬರೂದಿಲ್ಲ."

ವಾದ ಮಾಡಿ ಇವಳನ್ನು ಗೆಲ್ಲುವುದು ಆಗದ ಮಾತೆಂದು ಸುಭಾನಸಾಬನಿಗೆ ತಿಳಿಯಿತು. "ಒಮ್ಮೆ ಕೆಳಗ ಬಾ ಯಕ್ಕಾ. ನದ್ಯಾಗ ನಿಂತ ಮ್ಯಾಲ ನೋಡ. ಆಮ್ಯಾಲ ನಿನ್ನ ಖುಷಿ."

ಪಕ್ಕದ ಕುರಿಗಾಹಿಗೆ ಹಿಂಡು ಒಪ್ಪಿಸಿ ದುಂಡವ್ವ ಇಳಿಯತೊಡಗಿದಳು. ಅವಳದು ಆಡಿನ ಕಾಲು. ಅರ್ಧದಲ್ಲಿ ಸುಭಾನಸಾಬ ಏದುಸಿರು ಬಿಡುತ್ತ ಬಂಡೆ ಹಿಡಿದು ನಿಂತ.

"ಬಾಣಾ ಬರಿಯಾಂವಗ ಹಾದಿ ನಡಿಯಾಕ ಬರೂದಿಲ್ಲೇನೋ ತಮ್ಮಾ?"

ನದಿಯ ಅಂಗಳದಲ್ಲಿ ನೀರು ಮೊಣಕಾಲಷ್ಟಿತ್ತು. ತೊರೆಗಲ್ಲಿನ ಮೇಲೆ ನಿಂತು ಇಬ್ಬರೂ ತಲೆ ಎತ್ತಿದರು. ಮೇಲಿನ ಬಂಡೆ ಏನನ್ನೂ ಆತುಕೊಳ್ಳದೆ ಬಯಲಿಗೆ ನಾಲಗೆ ಚಾಚಿತ್ತು. ಅದರ ಹೊಟ್ಟೆಯ ಪೊಳ್ಳಿನಲ್ಲಿ ಹಕ್ಕಿಗಳು ಮಣ್ಣಿನ ಗೂಡು ಕಟ್ಟಿದ್ದವು. ಬುಡದ ಬಿರುಕಿನಲ್ಲಿ ಬೆರಳಗಲದ ಆಕಾಶ ಕಾಣುತ್ತಿತ್ತು.

ದುಂಡವ್ವ ಬಹಳ ಹೊತ್ತು ನೋಡಿದಳು. "ಅಮಾಸಿಗಿ ಎರಡ ಟ್ರಾಕ್ಟರ್ ಮಂದಿ ಬರತೈತಿ" ಎಂದಳು. ಆಮೇಲೆ ಗಳದಿಂದ ಅವನ ಮೊಣಕಾಲಿಗೊಂದು ಕುಟ್ಟಿದಳು. "ಹಾಳಾದಾಂವನ! ನಮ್ಮಪ್ಪನ್ನ ನಿಲ್ಲಿಸಾಕ ನಿನಗ ಬ್ಯಾರೆ ಜಾಗಾ ಸಿಗಲಿಲ್ಲಾ?"

ಏಟು ಜೋರಾಗಿಯೇ ಬಿತ್ತು. ಸುಭಾನಸಾಬನಿಗೆ ಜೀವ ಹಗುರಾಯಿತು.

ಮೇಲೆ ಬಂದ ಮೇಲೆ ಅವಳು ಅವನನ್ನು ಬಿರುಕಿನ ಈಚೆಗೇ ತಡೆದಳು. "ನೀ ಇಲ್ಲೇ ನಿಲ್ಲ. ನಾ ಹಗರ ಅದೇನಿ." ಕೈ ಮುಗಿದು, ಕುಕ್ಕರಗಾಲಿನಲ್ಲಿ ಸರಿಯುತ್ತ ಹೋಗಿ, ಕಂಬಳಿ ಹಾಸಿ ಕಲ್ಲನ್ನು ಅದರ ಮೇಲೆ ಉರುಳಿಸಿದಳು. ಎಲ್ಲೋ ಕೆಳಗೆ ಹರಳುಗಳು ಸುರಿದ ಸದ್ದಾಯಿತು.

"ಯಕ್ಕಾ, ಕಲ್ಲ ಹಾಳಾಗಿ ಹೋಗಲಿ, ನೀ ಬಾ!"

"ಬಾಯಿ ಮುಚ್ಚಿ ಕಂಬಳಿ ಜಗ್ಗ!"

ಅವನು ಚಪ್ಪಲಿ ಬಿಟ್ಟು, ಕಾಲು ಊರಿ ಜಗ್ಗಿದ. ಚಪ್ಪಲಿ ಯಾಕೆ ಬಿಟ್ಟಿರಿ ಎಂದು ಮೈನಾಬಿ ಆಮೇಲೆ ಕೇಳಿದಾಗ, ಬಂಡೆ ಜಾರುತ್ತಿತ್ತು ಎಂದ. ಕಲ್ಲು ಈಚೆ ಬಂತು, ಹಿಂದೆಯೇ ದುಂಡವ್ವ ಬಂದಳು. ಆಮೇಲೆ ಕಂಬಳಿಯ ಒಂದೊಂದು ತುದಿ ಹಿಡಿದು ನೂರು ಹೆಜ್ಜೆ ಒಳಗಿನ ಬೇವಿನ ಮರದವರೆಗೆ ಹೊತ್ತೊಯ್ದರು. ನಡುವೆ ನಾಲ್ಕು ಸಲ ಇಳಿಸಿದರು. ನಾಲ್ಕು ಸಲವೂ ಕಲ್ಲು ಇಷ್ಟು ದೊಡ್ಡದು ಯಾಕೆ ಆರಿಸಿದೆ ಎಂದು ಅವಳು ಬೈದಳು.

"ಅಂಚಿಗಿ ಮತ್ತ ಮಂದಿ ಹೋಗತೈತೆಲ್ಲಾ ಯಕ್ಕಾ, ನೋಡಾಕ. ಬ್ಯಾರೆ ಬಣ್ಣ ಹಚ್ಚಲೇನ?"

"ನಿನ್ನ ಡಬ್ಬಿ ಮುಚ್ಚ ಮೊದಲ! ಹಸರ ಹಚ್ಚಿದ್ರ ನಿಮ್ಮ ಮಂದಿ ಚಾದರ ತರತಾರ."

"ಖರೆ" ಎಂದು ಅವನು ನಕ್ಕ.

ಅವಳು ಗಳ ಎತ್ತಿ ಜಾಲಿಯ ಟೊಂಗೆ ಕಡಿಯತೊಡಗಿದಳು. ಕುರಿ ಹಟ್ಟಿಗೆ ತೋಳ ಬಾರದಂತೆ ಹಾಕುವ ಬೇಲಿಯ ಹಾಗೆ ಬುಡ ಒಳಗೆ, ಮುಳ್ಳು ಹೊರಗೆ ಮಾಡಿ ಒಂದರೊಳಗೊಂದು ಹೆಣೆದರು. ಬಂಡೆಗೆ ಹೋಗುವ ದಾರಿ ಪೂರ್ತಿ ಮುಚ್ಚುವ ಹೊತ್ತಿಗೆ ಬಿಸಿಲು ಇಳಿದಿತ್ತು, ಸುಭಾನಸಾಬನ ಅಂಗೈ ಹರಿದಿತ್ತು.

ಅಮಾವಾಸ್ಯೆಗೆ ಎರಡಲ್ಲ, ಮೂರು ಟ್ರಾಕ್ಟರ್ ಜನ ಬಂದರು. ಸುಭಾನಸಾಬನೂ ಮೈನಾಬಿಯೂ ಹೋಳಿಗೆಗೆ ಬಂದಿದ್ದರು. ದೇವರು ಬೇವಿನ ಬುಡಕ್ಕೆ ಹೆಂಗ ಬಂದ ಎಂದು ಯಾರೋ ಕೇಳಿದ್ದಕ್ಕೆ, "ಅಲ್ಲಿ ಬಿಸಲ ಭಾಳ ಅಂದಾ. ಕರಕೊಂಡ ಬಂದ್ವಿ" ಎಂದಳು ದುಂಡವ್ವ. ಹೋಳಿಗೆ ಆರುತ್ತಿತ್ತು. ಮುಂದೆ ಯಾರೂ ಕೇಳಲಿಲ್ಲ.

ಊಟ ನಡೆದಿರುವಾಗಲೇ ಅವಳ ಅಳಿಯ ಮಾಲಿಂಗಪ್ಪ ಫೋಟೊ ತೆಗೆದುಕೊಳ್ಳಲು ಮೊಬೈಲ್ ಹಿಡಿದು ಅಂಚಿನ ಕಡೆ ಹೋದ. ಸ್ವಲ್ಪ ಹೊತ್ತಿಗೆ ಕಿರುಚಿದ್ದು ಕೇಳಿಸಿತು. ಒಂಟಿ ಕಾಲಿನಲ್ಲಿ ಕುಂಟುತ್ತ ವಾಪಸ್ಸು ಬಂದ.

"ಯಾವ ಹಲ್ಕಟ್ ನನ್ನ ಮಗಾ ಅಲ್ಲಿ ಮುಳ್ಳ ಹಾಕ್ಯಾನ?"

ಸುಭಾನಸಾಬ ಎಲೆ ಬಿಟ್ಟು ಎದ್ದ. ಅವನನ್ನು ಪಕ್ಕದ ಬೇರೊಂದು ಕಲ್ಲಿನ ಮೇಲೆ ಕೂರಿಸಿ, ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಮೈನಾಬಿಯ ಸೆರಗಿನ ಪಿನ್ನು ಇಸಿದುಕೊಂಡ.

"ನಾನ ಹಾಕೇನಿ. ಹಲ್ಲ ಕಚ್ಚಿ ಹಿಡೀರಿ, ತಗೀತೇನಿ."