ನಡುವೆ ಬಾಯಿ ಹಾಕದ ಯಜಮಾನರು

ಊಟವಾದ ಮೇಲೆ ಯಜಮಾನರು ಮೊಬೈಲ್ ಬದಿಗಿಟ್ಟು ನನ್ನೆದುರು ಕುಳಿತರು. “ಏನರ ಮಾತಾಡ ಬೇ. ನಾ ನಡುವ ಬಾಯಿ ಹಾಕಂಗಿಲ್ಲ,” ಅಂದರು.

“ಮೈಯಾಗ ಆರಾಮ ಇಲ್ಲೇನ್ರಿ?” ಎಂದೆ.

ಅವರು ಆಳಂದದ ತೊಗರಿ ಬೇಳೆ ಮಿಲ್ಲಿನಲ್ಲಿ ಮ್ಯಾನೇಜರ್. ಕೆಲಸಗಾರರನ್ನು ಮುನ್ನಡೆಸುವುದು ಹೇಗೆಂದು ಕಲಿಯಲು ಮಾಲೀಕರು ತರಬೇತಿಗೆ ಹಚ್ಚಿದ್ದಾರೆ. ಸುಮ್ಮನೆ ಕೇಳಿಸಿಕೊಳ್ಳುವುದನ್ನು ಮನೆಯಲ್ಲೂ ರೂಢಿ ಮಾಡಬೇಕಂತೆ.

ಅಫಜಲಪುರದ ತವರಿಗೆ ಹೋಗಿ, ಭೀಮಾ ನದಿಯ ದಂಡೆಯಲ್ಲಿ ಒಮ್ಮೆ ಸುಮ್ಮನೆ ಕೂಡುವ ಆಸೆ ಹೇಳಿದೆ. ಅವರು ನಗಲಿಲ್ಲ. “ಮತ್ತ?” ಎಂದರು. ಅವ್ವ ಹೋದ ಮೇಲೆ ನನ್ನನ್ನು ಹಾಗೆ ಕೇಳಿದವರೇ ಇರಲಿಲ್ಲ.

ಮಿಲ್ಲಿನಲ್ಲಿ ಈಗ ಜನ ಕೆಲಸ ಬಿಟ್ಟು ಹೋಗುವುದು ಕಡಿಮೆಯಾಗಿದೆ, ಮಾಲೀಕರಿಗೆ ಖುಷಿ. ಮುಂದಿನ ತಿಂಗಳು ತರಬೇತಿ ಮುಗಿಯುತ್ತದೆ. ಆ “ಮತ್ತ?” ಮಾತ್ರ ನಮ್ಮ ಮನೆಯಲ್ಲಿ ಉಳಿಯಲಿ ಎಂದು ಲಿಂಗಪೂಜೆಯಲ್ಲಿ ದಿನಾ ಬೇಡಿಕೊಳ್ಳುತ್ತೇನೆ.